ದೋಣಿ ಕಿಟ್ ತರಿಸೋಕೆ ಮುಂಚೆ ಇದನ್ನೊಮ್ಮೆ ಓದಿ

ಕತ್ತರಿಸಿದ ಪ್ಲೈವುಡ್ ತುಂಡು, ಅಂಟು ಎಲ್ಲ ಕಳಿಸ್ತಾರೆ, ನಾವೇ ಜೋಡಿಸಬೇಕು. ಅಂಥ ಕಿಟ್‌ಗೆ 38 ಸಾವಿರ ಹೋಯ್ತು. ಫೋಟೋ ನೋಡಿ, ಫೋನಲ್ಲಿ ಮಾತಾಡಿ, ಅರ್ಧ ಗಂಟೆಯಲ್ಲಿ ಕಳಿಸಿಬಿಟ್ಟೆ. ಬರೆಯೋಕೇ ನಾಚಿಕೆ ಆಗ್ತಿದೆ.

ಕೊಪ್ಪಳದಲ್ಲಿ ದೋಣಿ ಕಟ್ಟೋನು ಯಾವನು ಅಂತ ನಗಬೇಡಿ. ಮುನಿರಾಬಾದ್ ಡ್ಯಾಂ ಇಲ್ಲೇ ಇದೆ. ಆನೆಗೊಂದಿಯ ಹರಿಗೋಲು ನೋಡಿಕೊಂಡೇ ಬೆಳೆದವನು ನಾನು. ಮೊದಲು ಮಾವನ ಹೊಲದ ಕೃಷಿ ಹೊಂಡದಲ್ಲಿ ತೇಲಿಸಿ ನೋಡೋಣ ಅಂತ ಇತ್ತು, ಅಷ್ಟೇ.

ಕೆಲಸ ಕಷ್ಟದ್ದಲ್ಲ. ಪ್ಲೈವುಡ್ ತುಂಡುಗಳ ಅಂಚಿಗೆ ತೂತು ಹಾಕಿ ತಾಮ್ರದ ತಂತಿಯಿಂದ ಹೊಲಿಯಬೇಕು. ಎಪಾಕ್ಸಿ ಅನ್ನೋ ಗಟ್ಟಿ ಅಂಟಿಗೆ ಮರದ ಪುಡಿ ಕಲಸಿ ಒಳಗಿನ ಸಂದಿಗೆ ತುಂಬಬೇಕು. ಮೇಲೆ ಫೈಬರ್‌ಗ್ಲಾಸ್ ಪಟ್ಟಿ. ಮೊಳೆ ಇಲ್ಲ, ಏನಿಲ್ಲ. ದೋಣಿ ನಿಲ್ಲೋದೇ ಪ್ಲೈ ಮತ್ತು ಎಪಾಕ್ಸಿ ಮೇಲೆ. ಆ ಎರಡರಲ್ಲೇ ಮೋಸ.

"ಮರೈನ್ ಪ್ಲೈ ಸರ್, ಐಎಸ್ 710" ಅಂತ ಕಿಟ್ ಮಾರಿದವನು ಫೋನಲ್ಲಿ ಮೂರು ಸಲ ಹೇಳಿದ್ದ. ನೀರು ತಡೆಯೋ ಪ್ಲೈಗಿರೋ ಗುಣಮಟ್ಟದ ನಂಬರ್ ಅದು. ಎಪಾಕ್ಸಿ ಅಂತ ಕಳಿಸಿದ ಡಬ್ಬ ತೆಗೆದಾಗ ಘಾಟು ವಾಸನೆ. ನೀರಿನ ಟ್ಯಾಂಕಿಗೆ ಪ್ಯಾಚ್ ಹಾಕುವಾಗ ಬರುತ್ತಲ್ಲ, ಅದೇ. 5 ಲೀಟರ್ ಡಬ್ಬಕ್ಕೆ ಹಾರ್ಡನರ್, ಅಂದ್ರೆ ಅಂಟು ಗಟ್ಟಿಯಾಗೋಕೆ ಕಲಸೋ ದ್ರವ, ಕೆಮ್ಮಿನ ಔಷಧಿಯಷ್ಟು ದೊಡ್ಡ ಒಂದೇ ಬಾಟಲಿ, 100 ಎಂಎಲ್. ಎಪಾಕ್ಸಿಗೆ ಹಾರ್ಡನರ್ ಎರಡು ಪಾಲಿಗೆ ಒಂದು, ಇಲ್ಲಾ ಐದಕ್ಕೆ ಒಂದು, ಹೀಗೆ ಬೇಕು. ಇದು ಎಪಾಕ್ಸಿನೇ ಅಲ್ಲ, ಪಾಲಿಯೆಸ್ಟರ್ ರೆಸಿನ್ ಅನ್ನೋ ಬೇರೆ ಅಂಟು! ಮರಕ್ಕೆ ಸರಿಯಾಗಿ ಹಿಡಿಯೋದೇ ಇಲ್ಲ. ಆವತ್ತು ನನಗೆ ಇದು ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು.

ಎರಡು ವಾರ ಕೂತು ಹೊಲಿದೆ, ಮೆತ್ತಿದೆ. ಓಣಿ ಹುಡುಗರು ನಾಲ್ಕು ಜನ ದೋಣಿ ಮಗುಚಲು ಎತ್ತಿದರು. ಚಟ್ ಅಂತು. ತಳದ ಪಟ್ಟಿ ಈ ತುದಿಯಿಂದ ಆ ತುದಿವರೆಗೆ ಎದ್ದು ಬಂತು. ಕೆಳಗೆ ಮರ ಹೊಸದರ ಹಾಗೆ ಒಣಗಿಕೊಂಡೇ ಇತ್ತು. ಹುಡುಗರು ನಗು ತಡೆದುಕೊಂಡು ನಿಂತಿದ್ದರು. ಅದನ್ನಂತೂ ಮರೆಯೋಕಾಗಲ್ಲ.

ಬಡಿಗೇರ ಕಾಕಾ ಬಂದು ಒಂದು ತುಂಡಿನ ಹಿಂಬದಿ ತೋರಿಸಿದ. ಅರ್ಧ ಕತ್ತರಿಸಿದ ಮುದ್ರೆ, 303. ನಾನು ಲಾಟ್ ನಂಬರ್ ಅಂದುಕೊಂಡಿದ್ದೆ. "ತಮ್ಮಾ, ಇದು ಕಪಾಟು ಮಾಡೋ ಪ್ಲೈ. ಮರೈನ್ ಅಂತ ಯಾರ್ ಹೇಳ್ಯಾರ?" ಅಂದ. ತುಂಡನ್ನು ನೀರೊಲೆ ಹಂಡೆಗೆ ಹಾಕಿಸಿದ. 710 ಆದರೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಇದು ಮಧ್ಯಾಹ್ನದ ಊಟದ ಹೊತ್ತಿಗೆ ನೆನೆದ ರಟ್ಟು.

ಕಿಟ್ ಮಾರಿದವನಿಗೆ ಫೋನ್ ಮಾಡಿದೆ. "ಸರ್, ನಿಮ್ದು ಹೊಳೆ ನೀರಲ್ವಾ, ಸಮುದ್ರ ಅಲ್ವಲ್ಲ, ಇದೇ ಸಾಕು." ಎಪಾಕ್ಸಿ ಎಲ್ಲಯ್ಯಾ? "ಎಪಾಕ್ಸಿನೂ ರೆಸಿನ್ನೇ ಸರ್, ಇದೂ ರೆಸಿನ್ನೇ." ದುಡ್ಡು ವಾಪಸ್? "ಕಟ್ ಮಾಡಿದ ಮಾಲು ವಾಪಸ್ ತಗೊಳ್ಳಲ್ಲ." ಕಟ್ ಮಾಡಿ ಕಳಿಸಿದ್ದೇ ಅವನು! ಕೊನೆಗೆ "ನೀವು ಹೊಲಿದಿದ್ದೇ ಸರಿ ಇಲ್ಲ" ಅಂತ ಮೆಸೇಜು. ಆಮೇಲೆ ಬ್ಲಾಕ್.

ಪ್ಲೈ ಮೇಲಿನ ಪೂರ್ತಿ ಮುದ್ರೆಯ ಫೋಟೋ ಕಳಿಸದವನಿಗೆ ಒಂದು ರೂಪಾಯಿ ಹಾಕಬೇಡಿ. ಹಾರ್ಡನರ್ ಎಷ್ಟು ಲೀಟರ್ ಅಂತ ಕೇಳಿ. ತಡವರಿಸಿದರೆ ಫೋನ್ ಇಟ್ಟುಬಿಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಿದೆ. ಬಿಲ್ ಕೇಳಿದರು. ಆಗಲೇ ನಾನು ಬಿಲ್ ಸರಿಯಾಗಿ ಓದಿದ್ದು. ಅದರಲ್ಲಿ ಇರೋದು "ಪ್ಲೈವುಡ್ ಸೆಟ್, 1" ಅಂತ ಮಾತ್ರ.