ಮಳೆಗಾಲದ ಕಾಸರಗೋಡಿನಲ್ಲಿ ಗಿನಿಪಿಗ್‌ಗಳ ಗಜಕರ್ಣ: ಎಣ್ಣೆ, ಮುಲಾಮು, ಶಾಂಪೂ, ಸಿರಪ್

ಗಿನಿಪಿಗ್‌ನ ಮೂಗು, ಕಣ್ಣು, ಕಿವಿಗಳ ಸುತ್ತ ಕೂದಲು ಉದುರಿ ಬಿಳಿ ಹೊಟ್ಟು ಕಟ್ಟಿದರೆ ಅದು ಟ್ರೈಕೋಫೈಟನ್ ಎಂಬ ಶಿಲೀಂಧ್ರದಿಂದ ಬರುವ ಗಜಕರ್ಣವಾಗಿರಬಹುದು. ಆದರೆ ನಮ್ಮ ತೆಂಗಿಗೆ ಬೀಳುವ ನುಸಿಯ ದೂರದ ಬಳಗಕ್ಕೆ ಸೇರಿದ ಟ್ರಿಕ್ಸಾಕರಸ್ ಎಂಬ ನುಸಿಯಿಂದಲೂ ಕೂದಲು ಉದುರುತ್ತದೆ. ಆಗ ತುರಿಕೆ ವಿಪರೀತವಾಗಿ, ಕೆಲವೊಮ್ಮೆ ಪ್ರಾಣಿ ಸೆಳೆತಕ್ಕೂ ಒಳಗಾಗುತ್ತದೆ. ಶಿಲೀಂಧ್ರದ ಔಷಧಿಯಿಂದ ನುಸಿ ಸಾಯುವುದಿಲ್ಲವಾದ್ದರಿಂದ, ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದ ಮೇಲೆಯೇ ಬದಿಯಡ್ಕದ ನಮ್ಮ ಮನೆಯಲ್ಲಿ ಚಿಕಿತ್ಸೆ ಆರಂಭಿಸಿದೆವು. ಅತಿನೇರಳೆ ದೀಪದ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ, ಏಕೆಂದರೆ ಟ್ರೈಕೋಫೈಟನ್ ಅದರ ಬೆಳಕಿನಲ್ಲಿ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಅತ್ತೆ ಅರಿಶಿನ ಹಾಕಿ ಕಾಸಿಕೊಟ್ಟ ತೆಂಗಿನೆಣ್ಣೆ ಹೊಟ್ಟನ್ನು ಮೆತ್ತಗೆ ಮಾಡಿತು, ಆದರೆ ಕಲೆಯ ಅಂಚು ಹರಡುವುದನ್ನು ತಡೆಯಲಿಲ್ಲ. ಪ್ರಾಣಿ ಅದನ್ನು ನೆಕ್ಕುತ್ತಿತ್ತು, ಹಾಸಿನ ಪುಡಿಯೂ ಮೈಗೆ ಅಂಟುತ್ತಿತ್ತು. ಒಂದೆರಡೇ ಕಲೆಗಳಿದ್ದಾಗ ಶಿಲೀಂಧ್ರವನ್ನು ಕೊಲ್ಲುವ ಕ್ಲೋಟ್ರಿಮಜೋಲ್ ಮುಲಾಮು ಅದಕ್ಕಿಂತ ಎಷ್ಟೋ ಮೇಲು. ಕಲೆಯ ಸುತ್ತಲಿನ ಒಳ್ಳೆಯ ಚರ್ಮಕ್ಕೂ ಸೇರಿಸಿ ತೆಳ್ಳಗೆ ಹಚ್ಚಿ, ಅದು ಇಂಗುವವರೆಗೆ ಪ್ರಾಣಿಯನ್ನು ಮಡಿಲಲ್ಲಿಟ್ಟುಕೊಂಡರೆ ಸಾಕು. ಔಷಧದ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ, ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ನಾನು ಈ ಹೋಲಿಕೆಗೇ ಸೇರಿಸಿಲ್ಲ. ಅವು ಕೆಂಪನ್ನು ಇಳಿಸಿ ವಾಸಿಯಾದಂತೆ ತೋರಿಸುತ್ತವೆ, ಒಳಗೆ ಸೋಂಕು ಬೆಳೆಯಲು ಬಿಡುತ್ತವೆ.

ಮೈಕೋನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಬೆನ್ನಿಗೂ ಹಬ್ಬಿದ ಸೋಂಕಿಗೆ ಒಳ್ಳೆಯ ಜೊತೆ ಔಷಧಿ. ಆದರೆ ನೊರೆಯನ್ನು ಸುಮಾರು 10 ನಿಮಿಷ ಮೈಮೇಲೆ ಬಿಡಬೇಕು, ಬಳಿಕ ಬುಡದವರೆಗೆ ಒಣಗಿಸಬೇಕು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಒರೆಸುವ ಬಟ್ಟೆಯೇ ಒಣಗದೆ, ಕರೆಂಟೂ ಕೈಕೊಡುವ ನಮ್ಮ ಊರಿನಲ್ಲಿ ಒದ್ದೆ ಕೂದಲು ಶಿಲೀಂಧ್ರಕ್ಕೇ ಅನುಕೂಲವಾಗುತ್ತದೆ. ಪ್ರಾಣಿಗೂ ಚಳಿ ಮತ್ತು ಗಾಬರಿ. ಬಿಸಿಲಿನ ತಿಂಗಳುಗಳಲ್ಲಾದರೆ ನಾನು ಇದನ್ನು ಹಿಂಜರಿಯದೆ ಬಳಸುತ್ತೇನೆ.

ಹಲವು ಕಡೆ ಕಲೆಗಳು ಎದ್ದ ಮೇಲೆ ನಿಜವಾಗಿ ಕೆಲಸ ಮಾಡಿದ್ದು ಮಂಗಳೂರಿನ ಪಶುವೈದ್ಯರು ಪ್ರಾಣಿಯ ತೂಕ ನೋಡಿ ಬರೆದುಕೊಟ್ಟ ಇಟ್ರಾಕೊನಜೋಲ್ ಸಿರಪ್. ಇದು ದುಬಾರಿ, ವಾರಗಟ್ಟಲೆ ಕೊಡಬೇಕು, ಯಕೃತ್ತಿಗೆ ಹೊರೆಯಾಗಬಲ್ಲದು. ಹಸಿವು ಕುಗ್ಗುತ್ತದೆಯೇ ಎಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಲೇ ಇರಬೇಕು. ಹಳೆಯ ಔಷಧಿಯಾದ ಗ್ರೈಸಿಯೋಫಲ್ವಿನ್ ಗರ್ಭದ ಮರಿಗಳಿಗೆ ಹಾನಿ ಮಾಡುವುದರಿಂದ ಗಬ್ಬದ ಹೆಣ್ಣಿಗೆ ಅದನ್ನು ಕೊಡಲೇಬಾರದು.

ಯಾವುದನ್ನು ಆರಿಸಿದರೂ ಗೂಡನ್ನು ಮರೆತರೆ ಸೋಂಕು ಮರಳುತ್ತದೆ, ಏಕೆಂದರೆ ಉದುರಿದ ಕೂದಲು ಮತ್ತು ಹೊಟ್ಟಿನಲ್ಲಿರುವ ಬೀಜಕಣಗಳು ವರ್ಷಕ್ಕಿಂತ ಹೆಚ್ಚು ಕಾಲ ಬದುಕಬಲ್ಲವು. ಮರದ ಗೂಡು ತೇವ ಹಿಡಿಯುವುದರಿಂದ ನಾವು ಪ್ಲಾಸ್ಟಿಕ್ ತಳಕ್ಕೆ ಬದಲಾಯಿಸಿ, ಹಾಸನ್ನು ಪೂರ್ತಿ ತೆಗೆದು ತೊಳೆದು, 1 ಪಾಲು ಬ್ಲೀಚ್‌ಗೆ 10 ಪಾಲು ನೀರು ಬೆರೆಸಿ ಒರೆಸಿ, ವಾಸನೆ ಹೋಗುವವರೆಗೆ ಪ್ರಾಣಿಗಳನ್ನು ದೂರವಿರಿಸುತ್ತೇವೆ. ಈ ಸೋಂಕು ಮನುಷ್ಯರಿಗೂ, ಅದರಲ್ಲೂ ಮಕ್ಕಳಿಗೆ ಬೇಗ ಅಂಟುವುದರಿಂದ ಮುಲಾಮು ಹಚ್ಚುವವರು ಕೈಗವಸು ಹಾಕಿಕೊಳ್ಳಬೇಕು. ಕೂದಲು ಮತ್ತೆ ಬಂದಿತೆಂದು ಸಿರಪ್ ನಿಲ್ಲಿಸದೆ, ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ಹೇಳುವವರೆಗೆ ಮುಂದುವರಿಸಬೇಕು. ಅದೇ ಗೂಡಿನ ಜೊತೆಗಾರ ಪ್ರಾಣಿಯಲ್ಲಿ ಲಕ್ಷಣವಿಲ್ಲದಿದ್ದರೂ ಅದನ್ನೂ ತೋರಿಸಬೇಕು.