ಐರಿಯಲ್ ಪ್ರೊ: ಪಕ್ಕವಾದ್ಯ ಸೊಗಸು, ಸ್ಕೇಲ್ ಸಲಹೆ ಬೇಡ

ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಬರೆದುಕೊಟ್ಟರೆ ಈ ಆ್ಯಪ್ ಪಿಯಾನೊ, ಬಾಸ್, ಡ್ರಮ್ಸ್ ಕೂಡಿಸಿ ಪಕ್ಕವಾದ್ಯ ನುಡಿಸುತ್ತದೆ. ಹಾಡಿನ ಮಟ್ಟು ಇದರಲ್ಲಿ ಸಿಗದು. ಅದನ್ನು ರೆಕಾರ್ಡಿಂಗ್ ಕೇಳಿಯೇ ಕಲಿಯಬೇಕು.

ಜಾಝ್ ಸಾಧಕರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುವುದು ಅಭ್ಯಾಸದ ಸೆಟ್ಟಿಂಗ್‌ನಿಂದ. ಇಡೀ ಹಾಡು ಹಾಕಿಕೊಂಡು ಕೂರಬೇಡಿ. ನಾಲ್ಕೇ ಬಾರ್‌ಗಳ (ಬಾರ್ ಎಂದರೆ ಇಲ್ಲಿ ನಾಲ್ಕು ಬೀಟ್) ಚಾರ್ಟ್ ಬರೆಯಿರಿ: ಡಿ ಮೈನರ್ 7 ಒಂದು ಬಾರ್, ಜಿ 7 ಒಂದು, ಸಿ ಮೇಜರ್ 7 ಎರಡು. ವೇಗ ನಿಮಿಷಕ್ಕೆ 60 ಬೀಟ್. ಪ್ರತಿ ಆವರ್ತಕ್ಕೂ ಕೀ (ಆಧಾರ ಶ್ರುತಿ) ಒಂದೊಂದು ಫೋರ್ತ್ (ಸ-ಮ ಅಂತರ) ಏರುವಂತಿಟ್ಟರೆ, ಆವರ್ತಕ್ಕೆ 16 ಸೆಕೆಂಡ್, ಹನ್ನೆರಡೂ ಕೀ ಸುತ್ತಿ ಬರಲು 3 ನಿಮಿಷ 12 ಸೆಕೆಂಡ್. ವೇಗ ತಾನಾಗಿ ಏರುವ ಸೌಲಭ್ಯವನ್ನು ಇದರ ಜತೆಗೇ ಹಾಕಿಕೊಂಡರೆ ಕೆಟ್ಟಿರಿ. ಆವರ್ತಕ್ಕೆ 5ರಂತೆ ಏರಿಸಿದರೆ ಇಷ್ಟು ಪುಟ್ಟ ಚಾರ್ಟ್ ಎರಡೂಕಾಲು ನಿಮಿಷದಲ್ಲೇ 120 ಮುಟ್ಟುತ್ತದೆ. ಬೆರಳು ರೂಢಿಯ ವರಸೆಗೆ ಜಾರುತ್ತದೆ, ಕಿವಿ ಮಲಗಿಬಿಡುತ್ತದೆ.

ಕಾರ್ಡಿಗೆ ಯಾವ ಸ್ಕೇಲ್ (ಸ್ವರಶ್ರೇಣಿ) ನುಡಿಸಬೇಕೆಂದೂ ಇದು ಸೂಚಿಸುತ್ತದೆ. ಸೂಚನೆ ತಪ್ಪಲ್ಲ, ದಾರಿ ತಪ್ಪಿಸುತ್ತದೆ ಅಷ್ಟೇ. ಆ ಮೂರು ಕಾರ್ಡಿಗೆ ಹೊಂದುವ ಡಿ ಡೋರಿಯನ್, ಜಿ ಮಿಕ್ಸೋಲಿಡಿಯನ್, ಸಿ ಮೇಜರ್ ಮೂರರಲ್ಲೂ ಇರುವುದು ಅವೇ ಏಳು ಸ್ವರ. ಬಾರ್ ಬದಲಾದಾಗಲೆಲ್ಲ ಮೂಲಸ್ವರದಿಂದ ಹೊಸದಾಗಿ ಏರಿಳಿಯುವವರ ನುಡಿಕೆ ಸರಳೆ ಒಪ್ಪಿಸಿದಂತೆ ಕೇಳುವುದು ಇದಕ್ಕೇ. ಅದನ್ನು ಮುಚ್ಚಿ, ಮೊದಲು ಕಾರ್ಡಿನ ಥರ್ಡ್ ಮತ್ತು ಸೆವೆಂತ್ (ಮೂಲಸ್ವರದಿಂದ ಎಣಿಸಿದ ಮೂರನೆಯ, ಏಳನೆಯ ಸ್ವರ) ಮಾತ್ರ ನುಡಿಸಿ. ಡಿ ಮೈನರ್ 7ರ ಎಫ್, ಸಿ ಹಿಡಿದಿರಿ ಎನ್ನಿ. ಜಿ 7 ಬಂದಾಗ ಎಫ್ ಅಲ್ಲೇ ನಿಲ್ಲುತ್ತದೆ, ಸಿ ಅರ್ಧ ಸ್ವರ ಇಳಿದು ಬಿ ಆಗುತ್ತದೆ. ಸಿ ಮೇಜರ್ 7ಕ್ಕೆ ಬಿ ನಿಲ್ಲುತ್ತದೆ, ಎಫ್ ಇಳಿದು ಇ. ಪಿಯಾನೊ ನಿಂತರೂ ಕಾರ್ಡ್ ಬದಲಾದದ್ದು ಕೇಳುಗರಿಗೆ ತಿಳಿಯಬೇಕು.

ಆಮೇಲೆ ಬೀಟಿಗೆ ಎರಡರಂತೆ ಬರುವ ಏಯ್ತ್ ನೋಟ್‌ಗಳು. ಜಿ 7 ಮೇಲೆ ಏಳು ಸ್ವರಗಳನ್ನೇ ಇಳಿದರೆ ಬೀಟಿನ ಮೇಲೆ ಬೀಳುವುದು ಜಿ, ಇ, ಸಿ, ಎ. ಕಾರ್ಡ್ ಕರಗಿಹೋಯಿತು. ನಡುವೆ ಎಫ್ ಶಾರ್ಪ್ ಸೇರಿಸಿ: ಜಿ, ಎಫ್ ಶಾರ್ಪ್, ಎಫ್, ಇ, ಡಿ, ಸಿ, ಬಿ, ಎ. ಈಗ ಬೀಟಿಗೆ ಸಿಕ್ಕುವುದು ಜಿ, ಎಫ್, ಡಿ, ಬಿ, ಕಾರ್ಡಿನವೇ ನಾಲ್ಕೂ. ಬೆಬಾಪ್ (ವೇಗದ ಜಾಝ್ ಶೈಲಿ) ಸ್ಕೇಲಿನ ಗುಟ್ಟು ಇಷ್ಟೇ. ಆಫ್‌ಬೀಟಿನಲ್ಲಿ (ಎರಡು ಬೀಟಿನ ನಡುವೆ) ಶುರು ಮಾಡಿದಿರೋ, ಲೆಕ್ಕ ತಲೆಕೆಳಗು.

ಮಿಕ್ಸರ್‌ನಲ್ಲಿ ಪ್ರತಿ ವಾದ್ಯದ ಸದ್ದು ಬೇರೆ ಬೇರೆ ತಗ್ಗಿಸಬಹುದು. ಪಿಯಾನೊ, ಗಿಟಾರ್‌ನವರು ಆ್ಯಪಿನ ಪಿಯಾನೊವನ್ನು ಸೊನ್ನೆಗಿಳಿಸಲಿ, ಇಲ್ಲದಿದ್ದರೆ ಇಬ್ಬರು ಒಂದೇ ಕುರ್ಚಿಗೆ ಜಗಳವಾಡಿದಂತೆ. ಬಾಸ್ ಒಂದನ್ನೇ ಉಳಿಸಿಕೊಂಡು ನುಡಿಸಿದರೆ ಹುಳುಕೆಲ್ಲ ಬಯಲಾಗುತ್ತದೆ.

ದೊಡ್ಡ ಕೊರತೆ: ನೀವು ಏನೇ ನುಡಿಸಿ, ಯಂತ್ರ ಕಿವಿಗೊಡುವುದಿಲ್ಲ. ನೀವು ಉಸಿರು ಬಿಟ್ಟ ಜಾಗವನ್ನು ಅದು ತುಂಬದು. ನಿಧಾನದ ಬ್ಯಾಲಡ್‌ಗಳಲ್ಲಿ ಆ ಬಿಗಿತ ಎದ್ದು ಕಾಣುತ್ತದೆ. ಅಲ್ಲಿಗೆ ಮೆಟ್ರೊನೋಮೇ ವಾಸಿ: 60ರ ಹಾಡಿಗೆ 30ಕ್ಕಿಟ್ಟು, ಟಕ್ ಎಂದದ್ದನ್ನು ಎರಡು ಮತ್ತು ನಾಲ್ಕನೆಯ ಬೀಟ್ ಎಂದು ಎಣಿಸಿಕೊಳ್ಳಿ.