ದಿನಾಂಕ ಕೊಡಲು ಅವಸರಿಸದ ಚಿಕಿತ್ಸಾಲಯ: ತೂಕ ಇಳಿಕೆಯ ಮರುಶಸ್ತ್ರಚಿಕಿತ್ಸೆಗೆ ಸಲಹೆ ನೀಡುವ ಸೇವೆಯೊಂದರ ವಿಮರ್ಶೆ

ತೂಕ ಇಳಿಸಲು ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮಾಡಿಸಿಕೊಂಡು ಆರು ವರ್ಷ ಕಳೆದ ಮೇಲೆ, ಇಳಿದ ತೂಕದ ಒಂದು ಪಾಲು ಮರಳಿ ಬಂದದ್ದನ್ನೂ ರಾತ್ರಿ ಮಲಗಿದೊಡನೆ ಹುಳಿನೀರು ಗಂಟಲಿಗೆ ಏರುವುದನ್ನೂ ತಾಳಲಾರದೆ, ಎರಡನೆಯ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಲು ನಾನು ಎರಡು ಕಡೆ ಹೋದೆ. ಮೊದಲು ಹೋದ ಆಸ್ಪತ್ರೆಯಲ್ಲಿ ಇಪ್ಪತ್ತು ನಿಮಿಷದ ಭೇಟಿ ಮುಗಿಯುವಷ್ಟರಲ್ಲಿ, ಜಠರದ ಪುಟ್ಟ ಚೀಲಕ್ಕೆ ನೇರವಾಗಿ ಕರುಳನ್ನು ಜೋಡಿಸುವ ಬೈಪಾಸ್ ಎಂದು ತೀರ್ಮಾನವಾಗಿ, ಮೂರು ವಾರದಾಚೆಗಿನ ಒಂದು ದಿನಾಂಕವೂ ನನ್ನ ಕೈಗೆ ಬಂದಿತ್ತು. ಎರಡನೆಯದು ಮರುಶಸ್ತ್ರಚಿಕಿತ್ಸೆಗೆಂದೇ ಪ್ರತ್ಯೇಕ ಸಲಹಾ ವಿಭಾಗವಿರುವ ಚಿಕಿತ್ಸಾಲಯ; ಅಲ್ಲಿ ದಿನಾಂಕ ಸಿಗಲು ಐದು ತಿಂಗಳು ಹಿಡಿಯಿತು. ನಾನು ಬರೆಯುತ್ತಿರುವುದು ಈ ಎರಡನೆಯ ಕಡೆಯ ಬಗ್ಗೆ. ಎರಡೂ ಕಡೆ ಕೊನೆಗೆ ಸೂಚಿಸಿದ ಶಸ್ತ್ರಚಿಕಿತ್ಸೆ ಒಂದೇ ಆಗಿದ್ದರೂ, ಅದನ್ನು ಯಾತಕ್ಕಾಗಿ ಮಾಡಿಸಿಕೊಳ್ಳುತ್ತಿದ್ದೇನೆ ಎಂಬುದು ನನಗೆ ತಿಳಿದದ್ದು ಇಲ್ಲಿ ಮಾತ್ರ.

ಮೊದಲ ಭೇಟಿಯಲ್ಲಿ ಅವರು ನನ್ನನ್ನು ತೂಗುವ ಮೊದಲೇ ಹಳೆಯ ಶಸ್ತ್ರಚಿಕಿತ್ಸೆಯ ಟಿಪ್ಪಣಿ ಕೇಳಿದರು. ಡಿಸ್ಚಾರ್ಜ್ ಸಾರಾಂಶ ಸಾಲದು, ಶಸ್ತ್ರಚಿಕಿತ್ಸಕರು ಅಂದು ಬರೆದಿಟ್ಟ ಮೂಲ ವಿವರವೇ ಬೇಕೆಂದರು. ಎಷ್ಟು ದಪ್ಪದ ಕೊಳವೆಯನ್ನು ಅಳತೆಗೋಲಾಗಿಟ್ಟು ಜಠರವನ್ನು ಕತ್ತರಿಸಲಾಗಿತ್ತು, ಮೇಲ್ಭಾಗದ ಫಂಡಸ್ ಪೂರ್ತಿ ತೆಗೆಯಲಾಗಿತ್ತೇ, ವಪೆಯ ಬಳಿ ಜಠರ ಎದೆಯತ್ತ ನುಗ್ಗುವ ಹರ್ನಿಯಾ ಕಂಡಿತ್ತೇ, ಕಂಡಿದ್ದರೆ ಅದನ್ನು ಹೊಲಿಯಲಾಗಿತ್ತೇ ಎಂಬ ಪ್ರಶ್ನೆಗಳಿಗೆ ಆ ಹಾಳೆಯಲ್ಲಷ್ಟೇ ಉತ್ತರವಿರುತ್ತದೆ. ಅದನ್ನು ಹಳೆಯ ಆಸ್ಪತ್ರೆಯ ದಾಖಲೆ ವಿಭಾಗದಿಂದ ಹೊರತರಿಸಲು ನನಗೆ ಆರು ವಾರ ಬೇಕಾಯಿತು. ಹೊಳೆ ದಾಟಿದವನಿಗೆ ಅಂಬಿಗನ ನೆನಪಿರುವುದಿಲ್ಲ ಎನ್ನುತ್ತಾರೆ. ಎರಡನೆಯ ವರ್ಷದ ನಂತರ ಅಲ್ಲಿಗೆ ಒಮ್ಮೆಯೂ ತಪಾಸಣೆಗೆ ಹೋಗದಿದ್ದವನು ನಾನೇ ಆದ್ದರಿಂದ ಈ ವಿಳಂಬಕ್ಕೆ ಯಾರನ್ನೂ ದೂರುವಂತಿರಲಿಲ್ಲ.

ಎರಡನೆಯ ಭೇಟಿಯಲ್ಲಿ ನಡೆದ ಲೆಕ್ಕಾಚಾರ ನನ್ನನ್ನು ಹೆಚ್ಚು ಕಲಕಿತು. ನನ್ನ ಎತ್ತರ 162 ಸೆಂಟಿಮೀಟರ್. ಶಸ್ತ್ರಚಿಕಿತ್ಸೆಗೆ ಮೊದಲು 118 ಕಿಲೋ ಇದ್ದೆ, ಹದಿನಾರನೆಯ ತಿಂಗಳಲ್ಲಿ 76ಕ್ಕೆ ಇಳಿದಿದ್ದೆ, ಈಗ 93. ಬಿಎಂಐ 25 ಆಗುವ ತೂಕವನ್ನು ಗುರಿಯೆಂದು ಹಿಡಿದರೆ, ನನ್ನ ಹೆಚ್ಚುವರಿ ತೂಕದಲ್ಲಿ ಶೇಕಡಾ 48ರಷ್ಟು ಮಾತ್ರ ಇಳಿದಂತಾಗಿ, ಶೇಕಡಾ 50 ಎಂಬ ಹಳೆಯ ಗೆರೆಯ ಪ್ರಕಾರ ನಾನು ಅನುತ್ತೀರ್ಣ. ಮೂಲ ತೂಕದಲ್ಲೇ ಶೇಕಡಾವಾರು ಎಷ್ಟು ಇಳಿದಿದೆ ಎಂದು ನೋಡಿದರೆ ಅದು 21, ಮತ್ತು ಶೇಕಡಾ 20 ದಾಟಿದ್ದನ್ನು ಒಳ್ಳೆಯ ಫಲಿತಾಂಶವೆಂದು ಎಣಿಸುವ ಇನ್ನೊಂದು ಅಳತೆಯಲ್ಲಿ ನಾನು ಉತ್ತೀರ್ಣ. ಅದೇ ದೇಹ, ಅದೇ ತಕ್ಕಡಿ, ಎರಡು ತೀರ್ಪು. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೀರ್ಘ ಅಧ್ಯಯನದ ಅಂಕಿಗಳನ್ನೂ ಶಸ್ತ್ರಚಿಕಿತ್ಸಕರು ಮುಂದಿಟ್ಟರು: ಅದರಲ್ಲಿ ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಶೇಕಡಾ 32ರಷ್ಟು ಇಳಿದು ಹತ್ತನೆಯ ವರ್ಷಕ್ಕೆ 25ರಲ್ಲಿ ನಿಂತಿತ್ತು, ಜಠರದ ಮೇಲ್ಭಾಗಕ್ಕೆ ಬಿಗಿಪಟ್ಟಿ, ಅಂದರೆ ಬ್ಯಾಂಡ್ ಹಾಕಿಸಿಕೊಂಡವರದು 20ರಿಂದ 14ಕ್ಕೆ ಬಂದಿತ್ತು. ಅತ್ಯಂತ ಕಡಿಮೆ ತೂಕ ಮುಟ್ಟಿದ ದಿನವನ್ನೇ ಅಳತೆಗೋಲು ಮಾಡಿಕೊಂಡು ಉಳಿದ ಬದುಕನ್ನೆಲ್ಲ ಸೋಲೆಂದು ಎಣಿಸುವ ನನ್ನ ಅಭ್ಯಾಸ ಅಲ್ಲಿಗೆ ಸಡಿಲವಾಯಿತು. ಹೀಗಿದ್ದೂ ಅವರ ಮುದ್ರಿತ ನಮೂನೆಯಲ್ಲಿ ‘ವಿಫಲ ಸ್ಲೀವ್’ ಎಂಬ ಪದ ಇನ್ನೂ ಉಳಿದಿರುವುದು ವಿಚಿತ್ರ. ಶಸ್ತ್ರಚಿಕಿತ್ಸಕರೇ ಅದನ್ನು ಪೆನ್ನಿನಿಂದ ಹೊಡೆದುಹಾಕಿದರು, ಆದರೆ ಪ್ರತಿ ರೋಗಿಯ ಹಾಳೆಯಲ್ಲೂ ಹೊಡೆದುಹಾಕುವ ಬದಲು ಹೊಸ ನಮೂನೆ ಮುದ್ರಿಸಬಹುದಿತ್ತು.

ತೂಕ ಏರಲು ಜಠರವಲ್ಲದೆ ಬೇರೆ ಕಾರಣಗಳಿವೆಯೇ ಎಂದು ಹುಡುಕಿದ್ದು ಮೂರನೆಯ ಹಂತ. ಥೈರಾಯ್ಡ್ ಪರೀಕ್ಷೆ ಸಹಜವಾಗಿತ್ತು. ಔಷಧಿಗಳ ಪಟ್ಟಿ ಓದುವಾಗ ವೈದ್ಯರು ಮಿರ್ಟಾಜಪಿನ್ ಎಂಬ ಹೆಸರಿನ ಬಳಿ ನಿಂತರು. ಖಿನ್ನತೆಗೂ ನಿದ್ರಾಹೀನತೆಗೂ ಒಂದೂವರೆ ವರ್ಷದಿಂದ ನಾನು ಅದನ್ನು ಸೇವಿಸುತ್ತಿದ್ದೆ. ಅದು ಹಸಿವನ್ನೂ ತೂಕವನ್ನೂ ಹೆಚ್ಚಿಸುವ ಔಷಧಿಯೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದರೂ, ನನ್ನ ಏರಿಕೆಯ ಕಾಲಕ್ಕೂ ಅದು ಶುರುವಾದ ಕಾಲಕ್ಕೂ ಅದುವರೆಗೆ ಯಾರೂ ಗಂಟು ಹಾಕಿರಲಿಲ್ಲ. ಸ್ಟಿರಾಯ್ಡ್, ಇನ್ಸುಲಿನ್, ಓಲಾಂಜಪಿನ್, ವಾಲ್‌ಪ್ರೊಯೇಟ್ ಮುಂತಾದವುಗಳಿಗೂ ಇದೇ ಗುಣವಿದೆಯಂತೆ. ಇವನ್ನು ನಾವಾಗಿಯೇ ನಿಲ್ಲಿಸುವಂತಿಲ್ಲವಾದ್ದರಿಂದ ನನ್ನ ಮನೋವೈದ್ಯರಿಗೆ ಅವರೇ ಪತ್ರ ಬರೆದರು, ಔಷಧಿ ನಿಧಾನವಾಗಿ ಬದಲಾಯಿತು, ಮತ್ತು ಐದು ತಿಂಗಳ ಕೊನೆಗೆ ನಾನು 89 ಕಿಲೋ ಇದ್ದೆ. ಮೂರು ವಾರದ ದಿನಾಂಕವನ್ನು ಒಪ್ಪಿಕೊಂಡಿದ್ದರೆ ಈ ನಾಲ್ಕು ಕಿಲೋದ ಶ್ರೇಯಸ್ಸೂ ಬೈಪಾಸಿನ ಲೆಕ್ಕಕ್ಕೇ ಸೇರುತ್ತಿತ್ತು.

ಆಮೇಲೆ ಒಳಗಿನ ರಚನೆಯ ಪರೀಕ್ಷೆಗಳು ನಡೆದವು: ಎಂಡೋಸ್ಕೋಪಿ, ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ, ಮೂಗಿನ ಮೂಲಕ ತೆಳು ತಂತಿ ಇಳಿಸಿ 24 ಗಂಟೆ ಆಮ್ಲ ಅಳೆಯುವ ಪಿಎಚ್ ಪರೀಕ್ಷೆ, ಅನ್ನನಾಳದ ಒತ್ತಡ ನೋಡುವ ಮ್ಯಾನೋಮೆಟ್ರಿ. ಸ್ಲೀವ್ ಹಿಗ್ಗಿದೆಯೆಂದು ನಾನು ಖಚಿತವಾಗಿ ನಂಬಿದ್ದೆ. ಚಿತ್ರದಲ್ಲಿ ಅದು ಹೆಚ್ಚೇನೂ ಹಿಗ್ಗಿರಲಿಲ್ಲ. ಕಂಡದ್ದು ಹಯಾಟಸ್ ಹರ್ನಿಯಾ, ಅಂದರೆ ವಪೆಯ ಬಳಿಯ ಅದೇ ಹರ್ನಿಯಾ, ಮತ್ತು ಅನ್ನನಾಳದಲ್ಲಿ ಎಯಿಂದ ಡಿವರೆಗೆ ತೀವ್ರತೆ ಏರುವ ಲಾಸ್ ಏಂಜಲೀಸ್ ಶ್ರೇಣಿಯ ಸಿ ದರ್ಜೆಯ ಉರಿಯೂತ. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು ಉಳಿಸಿದ ಸಣ್ಣ ಕೊಳವೆಯೊಳಗೆ ಒತ್ತಡ ಹೆಚ್ಚಿರುತ್ತದೆ. ಕೆಳಗೆ ಪೈಲೋರಸ್ ಬಾಗಿಲು ಬಿಗಿಯಾಗಿಯೇ ಇರುವುದರಿಂದ ಆ ಒತ್ತಡ ಮೇಲ್ಮುಖವಾಗಿ ದಾರಿ ಹುಡುಕುತ್ತದೆ. ಇದು ವರ್ಷಗಟ್ಟಲೆ ಮುಂದುವರಿದರೆ ಅನ್ನನಾಳದ ಒಳಪದರವೇ ಬದಲಾಗಿ, ಮುಂದೆ ಕ್ಯಾನ್ಸರಿಗೆ ಎಡೆಮಾಡಬಲ್ಲ ಬ್ಯಾರೆಟ್ಸ್ ಸ್ಥಿತಿ ಬರಬಹುದೆಂಬ ಮಾತನ್ನು ಅವರು ಹೆದರಿಸುವ ದನಿಯಲ್ಲಿ ಹೇಳಲಿಲ್ಲ, ಮುಚ್ಚಿಡಲೂ ಇಲ್ಲ. ನನ್ನ ಬಯಾಪ್ಸಿಯಲ್ಲಿ ಅದು ಇರಲಿಲ್ಲ.

ಹೀಗೆ ‘ಬೇಕೇ’ ಎಂಬ ಪ್ರಶ್ನೆಗೆ ತೂಕ ಕೊಡದಿದ್ದ ಉತ್ತರವನ್ನು ಎದೆಯುರಿ ಕೊಟ್ಟಿತು, ಮತ್ತು ಯಾವ ಶಸ್ತ್ರಚಿಕಿತ್ಸೆ ಎಂಬುದೂ ಅದರಿಂದಲೇ ತಿಳಿಯಾಯಿತು. ಸ್ಲೀವನ್ನು ಮತ್ತಷ್ಟು ಕಿರಿದು ಮಾಡಿದರೆ ಒತ್ತಡ ಇನ್ನೂ ಏರುತ್ತದೆ. ಆಹಾರ ಕರುಳಿನ ಬಹುಭಾಗವನ್ನು ಬಳಸಿಹೋಗುವಂತೆ ಮಾಡುವ ಡ್ಯುಯೋಡಿನಲ್ ಸ್ವಿಚ್ ಅಥವಾ ಅದರ ಸರಳ ರೂಪವಾದ ಸಾಡಿ ತೂಕವನ್ನು ಹೆಚ್ಚು ಇಳಿಸಬಲ್ಲವಾದರೂ ಸ್ಲೀವ್ ಕೊಳವೆಯನ್ನು ಹಾಗೆಯೇ ಬಿಡುವುದರಿಂದ ಎದೆಯುರಿಯವರಿಗೆ ಹೊಂದುವುದಿಲ್ಲ. ಒಂದೇ ಜೋಡಣೆಯ ಬೈಪಾಸಿನಲ್ಲಿ ಪಿತ್ತರಸ ಮೇಲೆ ಬರುವ ಚಿಂತೆ ಇದೆ. ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಕರುಳಿನ ಉದ್ದನೆಯ ಒಂದು ಕವಲನ್ನು ಅದಕ್ಕೆ ಜೋಡಿಸುವ ರೂ-ಆನ್-ವೈ ಬೈಪಾಸ್ ಆಮ್ಲವನ್ನೂ ಪಿತ್ತವನ್ನೂ ಅನ್ನನಾಳದಿಂದ ದೂರವಿಡುತ್ತದೆ. ಮೊದಲ ಆಸ್ಪತ್ರೆ ಹೇಳಿದ್ದೂ ಬೈಪಾಸೇ. ಆದರೆ ಅಲ್ಲಿ ಅದು ತೂಕಕ್ಕೆಂದು ಕೊಟ್ಟ ಸಲಹೆ. ಮೊದಲ ಸಲ ಇಳಿದಷ್ಟು ತೂಕ ಈ ಸಲ ಇಳಿಯದು ಎಂಬ ಮುಖ್ಯ ಮಾತನ್ನು ಅವರು ಎತ್ತಲೇ ಇಲ್ಲ.

ಅಪಾಯಗಳ ಬಗೆಗಿನ ಮಾತುಕತೆಗೆ ಇಲ್ಲಿ ಪೂರ್ತಿ ಒಂದು ಭೇಟಿಯನ್ನೇ ಮೀಸಲಿಟ್ಟಿದ್ದರು. ಒಮ್ಮೆ ಕೊಯ್ದ ಜಾಗದಲ್ಲಿ ಅಂಗಾಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹಳೆಯ ಗಾಯದ ಗಟ್ಟಿ ಅಂಗಾಂಶದ ಮೇಲೆ ಸ್ಟೇಪಲ್ ಹಾಕಬೇಕಾಗುತ್ತದೆ, ಆದ್ದರಿಂದ ಸೋರಿಕೆಯೂ ಇತರ ತೊಡಕುಗಳೂ ಮೊದಲ ಬಾರಿಗಿಂತ ಹೆಚ್ಚು. ಕಬ್ಬಿಣ, ಬಿ12, ಕ್ಯಾಲ್ಸಿಯಂಗಳ ಅವಲಂಬನೆ ಜೀವನಪರ್ಯಂತದ್ದು. ಶಸ್ತ್ರಚಿಕಿತ್ಸೆ ಬೇಡವೆನ್ನುವ ದಾರಿಯನ್ನೂ ಅಷ್ಟೇ ಸಾವಧಾನವಾಗಿ ವಿವರಿಸಿದರು: ರಚನೆಯಲ್ಲಿ ದೋಷವಿಲ್ಲದೆ ತೂಕ ಮಾತ್ರ ಮರಳಿದವರಿಗೆ ಹಸಿವನ್ನು ತಗ್ಗಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂತಹ ಚುಚ್ಚುಮದ್ದುಗಳನ್ನೇ ಮೊದಲು ಪ್ರಯತ್ನಿಸುತ್ತಾರೆ. ಮೊದಲೇ ಬೈಪಾಸ್ ಆದವರಲ್ಲಿ ಅದರ ಜೋಡಣೆ ಹಿಗ್ಗಿದ್ದರೆ, ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಿಂದಲೇ ಹೊಲಿದು ಕಿರಿದುಗೊಳಿಸುವ ಉಪಾಯವೂ ಇದೆ. ನನಗೆ ಎದೆಯುರಿ ಇಲ್ಲದಿದ್ದರೆ ಚುಚ್ಚುಮದ್ದಿನಲ್ಲೇ ಮುಗಿಸಿ ಕಳಿಸುತ್ತಿದ್ದರೆಂದು ಅವರು ನೇರವಾಗಿಯೇ ಹೇಳಿದರು.

‘ಯಾವಾಗ’ ಎಂಬ ಪ್ರಶ್ನೆಗೆ ಎಲ್ಲರಿಗೂ ಅವರದು ನಿಧಾನವೇ ಉತ್ತರವಲ್ಲ. ಒಂದು ದಿನ ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಕುಳಿತಿದ್ದ, ಬ್ಯಾಂಡ್ ಜಾರಿ ನೀರೂ ಒಳಗೆ ನಿಲ್ಲದಂತಾಗಿದ್ದ ಮಹಿಳೆಯನ್ನು ಹೆಸರು ಕೂಗುವ ಸರದಿಗೂ ಕಾಯಿಸದೆ ಒಳಗೆ ಕರೆದೊಯ್ದು ಅಂದೇ ದಾಖಲಿಸಿಕೊಂಡರು. ಬ್ಯಾಂಡ್ ಜಠರದೊಳಗೆ ಕೊರೆದಿದ್ದರೆ, ಜೋಡಣೆಯ ಬಳಿಯ ಹುಣ್ಣು ರಕ್ತ ಸುರಿಸುತ್ತಿದ್ದರೆ, ಪ್ರೋಟೀನ್ ಕೊರತೆಯಿಂದ ಕಾಲು ಬಾತಿದ್ದರೆ ಯಾರೂ ತಿಂಗಳುಗಳ ಮಾತಾಡುವುದಿಲ್ಲ. ನನ್ನಂಥವರಿಗೆ ಮಾತ್ರ ಕಾಯುವಷ್ಟು ಸಮಯವಿರುತ್ತದೆ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನನಗೆ ಬರೀ 9 ಇತ್ತು, ವಿಟಮಿನ್ ಡಿ ಕೂಡ ತಳದಲ್ಲಿತ್ತು. ಸ್ಲೀವ್‌ನಲ್ಲೇ ಇಷ್ಟು ಖಾಲಿಯಾದವನಿಗೆ ಹೀರಿಕೆಯನ್ನು ಇನ್ನೂ ತಗ್ಗಿಸುವ ಶಸ್ತ್ರಚಿಕಿತ್ಸೆ ಮಾಡುವ ಮೊದಲು ಅವನ್ನು ತುಂಬಿಸಲೇಬೇಕೆಂದು ಪಟ್ಟು ಹಿಡಿದು, ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೊಡಿಸಿದರು. ಧೂಮಪಾನಿಗಳಾದರೆ ನಿಕೋಟಿನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ದಿನಾಂಕವಿಲ್ಲ. ಗರ್ಭ ಧರಿಸುವ ಯೋಚನೆಯಿರುವವರಿಗೆ, ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಕಾಯಬೇಕಾಗುತ್ತದೆಂಬುದನ್ನು ಮೊದಲೇ ಹೇಳಿ, ಯಾವುದು ಮುಂಚೆ ಎಂದು ಅವರೇ ನಿರ್ಧರಿಸಲು ಬಿಡುತ್ತಾರೆ.

ಕೊರತೆಗಳೂ ಇವೆ, ಮತ್ತು ಅವು ಸಣ್ಣವಲ್ಲ. ನಾಲ್ಕು ಪರೀಕ್ಷೆಗಳಿಗೆ ನಾಲ್ಕು ಬೇರೆ ಬೇರೆ ದಿನ ಅಲೆದೆ. ಎರಡನ್ನಾದರೂ ಒಂದೇ ದಿನ ಜೋಡಿಸಬಹುದಿತ್ತು. ಆಹಾರತಜ್ಞರು ಮೂರು ಸಲ ಬದಲಾದರು, ಮೂವರಿಗೂ ನನ್ನ ಕತೆಯನ್ನು ಮೊದಲಿನಿಂದ ಹೇಳಬೇಕಾಯಿತು. ಮನಶ್ಶಾಸ್ತ್ರಜ್ಞರ ಭೇಟಿ ಒಂದು ಪ್ರಶ್ನಾವಳಿ ತುಂಬಿಸುವಲ್ಲಿಗೇ ಮುಗಿಯಿತು. ತೂಕ ಮರಳಿದವರಲ್ಲಿ ಎಷ್ಟೋ ಮಂದಿ ನಾಚಿಕೆಯಿಂದಲೇ ತಪಾಸಣೆ ಬಿಟ್ಟಿರುತ್ತಾರೆಂಬುದನ್ನು ಬಲ್ಲ ಸಂಸ್ಥೆಯಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಪಿಎಚ್ ಪರೀಕ್ಷೆಯ ವರದಿಯನ್ನು ಅರ್ಥವಾಗುವ ಮಾತಿನಲ್ಲಿ ಹೇಳಿಸಿಕೊಳ್ಳಲು ನಾನಾಗಿಯೇ ಎರಡು ಬಾರಿ ಕರೆ ಮಾಡಬೇಕಾಯಿತು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಮನಶ್ಶಾಸ್ತ್ರಜ್ಞರ ಆ ಭೇಟಿಗೆ. ನನ್ನ ಶಸ್ತ್ರಚಿಕಿತ್ಸೆ ಮುಂದಿನ ತಿಂಗಳ ಎರಡನೆಯ ವಾರಕ್ಕೆ ಗೊತ್ತಾಗಿದೆ. ಒಪ್ಪಿಗೆಪತ್ರದ ‘ಕಾರಣ’ ಎಂಬ ಸಾಲಿನಲ್ಲಿ ರಿಫ್ಲಕ್ಸ್ (ಆಮ್ಲ ಮೇಲೇರುವುದು) ಮತ್ತು ಹಯಾಟಸ್ ಹರ್ನಿಯಾ ಎಂದಿದೆ. ತೂಕದ ಪ್ರಸ್ತಾಪ ಅದರ ಕೆಳಗೆ, ‘ನಿರೀಕ್ಷೆ’ ಎಂಬ ಸಾಲಿನಲ್ಲಿದ್ದು, ಅಲ್ಲಿ ‘ಸಾಧಾರಣ’ ಎಂಬ ಒಂದೇ ಪದವನ್ನು ಬರೆದು ಇಬ್ಬರೂ ಸಹಿ ಹಾಕಿದ್ದೇವೆ.